ಸಂಸ್ಥೆಯ ಗಣಕಜಾಲ ಮತ್ತು ಐಪಿ ವಿಳಾಸ: ವರ್ತಕರು ತಿಳಿದಿರಬೇಕಾದ ಮೂಲಾಂಶಗಳು

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಲ್ಲಿ ಕಾಫಿ ಬೀಜ ಹುರಿದು, ಪುಡಿ ಮಾಡಿ, ಪೊಟ್ಟಣ ಕಟ್ಟುವ ಒಂದು ಸಣ್ಣ ಘಟಕವಿದೆಯೆಂದು ಭಾವಿಸೋಣ. ಬೇಲೂರು ಪೇಟೆಯಲ್ಲಿ ಅದರ ಮಾರಾಟ ಮಳಿಗೆ. ಸಂಜೆ ಐದು ಗಂಟೆಗೆ ಸರಕು ತುಂಬಿದ ಲಾರಿ ಹೊರಡಲು ಸಿದ್ಧವಾಗಿದೆ. ಆದರೆ ಲೆಕ್ಕಪತ್ರವಿರುವ ಮುಖ್ಯ ಗಣಕಯಂತ್ರ ಉಳಿದ ಯಂತ್ರಗಳಿಗೆ ಸಿಗುತ್ತಿಲ್ಲ. ವಿದ್ಯುತ್ ಇದೆ, ತಂತಿ ಸರಿಯಿದೆ, ಅಂತರ್ಜಾಲವೂ ಇದೆ. ಬಿಲ್ಲು ಮಾತ್ರ ಆಗುತ್ತಿಲ್ಲ. ಹಾಸನದಿಂದ ತಂತ್ರಜ್ಞ ಬಂದು ನೋಡುವ ವೇಳೆಗೆ ರಾತ್ರಿಯಾಗಿರುತ್ತದೆ. ದೋಷವಾದರೂ ಏನು? ಬೆಳಿಗ್ಗೆ ಹೊಸದಾಗಿ ಅಳವಡಿಸಿದ ಕ್ಯಾಮೆರಾ ಪೆಟ್ಟಿಗೆಗೆ ಮುಖ್ಯ ಗಣಕಯಂತ್ರದ ವಿಳಾಸವನ್ನೇ ಕೊಡಲಾಗಿತ್ತು.

ಇದು ಕಲ್ಪಿತ ಉದಾಹರಣೆಯಾದರೂ ಇಂತಹ ದೋಷ ಅಪರೂಪವಲ್ಲ. ಯಾವ ಯಂತ್ರಕ್ಕೆ ಯಾವ ವಿಳಾಸವೆಂದು ಬರೆದಿಟ್ಟ ಒಂದು ಪುಟ ಗೋಡೆಯ ಮೇಲಿದ್ದಿದ್ದರೆ ಲಾರಿ ನಿಲ್ಲುತ್ತಿರಲಿಲ್ಲ.

ಗಣಕಜಾಲ ನಿಂತರೆ ಇಂದು ವ್ಯಾಪಾರವೇ ನಿಲ್ಲುತ್ತದೆ. ಕರ್ನಾಟಕದೊಳಗಿನ ಸರಕು ಸಾಗಣೆಗೆ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಜಾರಿಯಲ್ಲಿದೆ; ತೆರಿಗೆಗೊಳಪಟ್ಟ ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಸಾಮಾನ್ಯವಾಗಿ ಅದಿಲ್ಲದೆ ವಾಹನ ಹೊರಡುವಂತಿಲ್ಲ. ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳು ಆನ್‌ಲೈನ್ ಟೆಂಡರಿನಲ್ಲಿ ನಿಗದಿತ ವೇಳೆಯೊಳಗೆ ಬೆಲೆ ನಮೂದಿಸಬೇಕು. ಆ ಹೊತ್ತಿಗೆ ಜಾಲ ಕೈಕೊಟ್ಟರೆ ಮಾಲು ಬೇರೆಯವರ ಪಾಲಾಗುತ್ತದೆ. ಆದ್ದರಿಂದ ಈ ವಿಷಯದ ಮೂಲಾಂಶಗಳನ್ನು ಮಾಲೀಕರೂ ತಿಳಿದಿರುವುದು ಅವಶ್ಯಕ.

ಪ್ರೋಟೋಕಾಲ್ ಎಂದರೇನು?

ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಅನೇಕರು ಕಂಡಿದ್ದೀರಿ. ಯಾವ ಬೆರಳಿಗೆ ಎಷ್ಟು ಬೆಲೆ ಎಂಬುದನ್ನು ಇಬ್ಬರೂ ಮೊದಲೇ ಒಪ್ಪಿಕೊಂಡಿರುವುದರಿಂದ ಮಾತಿಲ್ಲದೆಯೇ ವ್ಯವಹಾರ ಮುಗಿಯುತ್ತದೆ. ಗಣಕಯಂತ್ರಗಳ ನಡುವೆ ಇರುವ ಇಂತಹ ಪೂರ್ವಸಮ್ಮತ ನಿಯಮಾವಳಿಯೇ ಪ್ರೋಟೋಕಾಲ್. ತಯಾರಕರು ಬೇರೆ ಬೇರೆಯಾದರೂ ಯಂತ್ರಗಳು ಪರಸ್ಪರ ವ್ಯವಹರಿಸಲು ಇದೇ ಕಾರಣ.

ಅಂತರ್ಜಾಲದ ಆಧಾರವಾದ ಟಿಸಿಪಿ/ಐಪಿ ನಿಯಮಾವಳಿಯ ಮೂಲ ವಿನ್ಯಾಸವನ್ನು ಅಮೆರಿಕದ ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಪ್ರಕಟಿಸಿದರು. ಅಲ್ಲಿನ ಅರ್ಪಾನೆಟ್ ಜಾಲವು 1983ರ ಜನವರಿ 1ರಂದು ಇದಕ್ಕೆ ಬದಲಾಯಿತು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಿಂದ.

ಈ ನಿಯಮಾವಳಿಯಲ್ಲಿ ಕೆಲಸಗಳು ಹಂಚಿಕೆಯಾಗಿವೆ. ಮಾಹಿತಿಯ ಪ್ರತಿಯೊಂದು ಪೊಟ್ಟಣದ ಮೇಲೂ ವಿಳಾಸ ಹಚ್ಚಿ ದಾರಿ ಹಿಡಿಸುವುದು ಐಪಿಯ ಕೆಲಸ. ಪೊಟ್ಟಣಗಳು ಕ್ರಮವಾಗಿ ತಲುಪಿದವೇ ಎಂದು ಸ್ವೀಕೃತಿ ಪಡೆದು, ತಲುಪದಿದ್ದುದನ್ನು ಮತ್ತೆ ಕಳುಹಿಸುವುದು ಟಿಸಿಪಿಯ ಕೆಲಸ. ಬಿಲ್ಲು, ಬ್ಯಾಂಕ್ ವ್ಯವಹಾರಗಳಿಗೆ ಈ ಖಾತರಿ ಬೇಕು. ಧ್ವನಿ ಕರೆಗಳಂತಹ, ವೇಗವೇ ಮುಖ್ಯವಾದ ಕೆಲಸಗಳಿಗೆ ಸ್ವೀಕೃತಿ ಕೇಳದ ಯುಡಿಪಿ ಹೆಚ್ಚಾಗಿ ಬಳಕೆಯಲ್ಲಿದೆ. ಜಾಲತಾಣದ ಹೆಸರನ್ನು ಐಪಿ ವಿಳಾಸಕ್ಕೆ ಪರಿವರ್ತಿಸಿ ಕೊಡುವುದು ಡಿಎನ್ಎಸ್.

ವಿಳಾಸದ ರಚನೆ

ಐಪಿ ವಿಳಾಸವನ್ನು ಅರಿಯಲು ಅಂಚೆಯ ಪಿನ್ ಕೋಡ್ ನೆರವಾಗುತ್ತದೆ. ಬೇಲೂರಿನದು 573115, ಅರಸೀಕೆರೆಯದು 573103, ಹಾಸನದ್ದು 573201. ಮೊದಲ ಮೂರು ಅಂಕಿಗಳು ಮೂರಕ್ಕೂ ಸಮಾನ. ಅವು ವಿಂಗಡಣಾ ಪ್ರದೇಶವನ್ನೂ, ಉಳಿದ ಮೂರು ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಐಪಿ ವಿಳಾಸದಲ್ಲಿಯೂ ಹೀಗೆಯೇ: ಒಂದು ಭಾಗ ಜಾಲವನ್ನು, ಇನ್ನೊಂದು ಭಾಗ ಆ ಜಾಲದೊಳಗಿನ ಯಂತ್ರವನ್ನು ಸೂಚಿಸುತ್ತದೆ.

ಐಪಿ ನಾಲ್ಕನೆಯ ಆವೃತ್ತಿಯ ವಿಳಾಸದಲ್ಲಿ 0ಯಿಂದ 255ರವರೆಗಿನ ನಾಲ್ಕು ಸಂಖ್ಯೆಗಳಿರುತ್ತವೆ, ಉದಾಹರಣೆಗೆ 192.168.21.10. ಇದರಲ್ಲಿ ಎಷ್ಟು ಭಾಗ ಜಾಲದ್ದು ಎಂಬುದನ್ನು ತಿಳಿಸುವುದು ಸಬ್‌ನೆಟ್ ಮಾಸ್ಕ್. ಅದು 255.255.255.0 ಆಗಿದ್ದರೆ ಮೊದಲ ಮೂರು ಸಂಖ್ಯೆಗಳು ಜಾಲದವು, ಕೊನೆಯದು ಯಂತ್ರದ್ದು. ಒಟ್ಟು 256 ವಿಳಾಸಗಳಲ್ಲಿ ಮೊದಲನೆಯದು ಜಾಲದ ಗುರುತಿಗೆ, ಕೊನೆಯದು ಎಲ್ಲ ಯಂತ್ರಗಳಿಗೂ ಏಕಕಾಲಕ್ಕೆ ಸಂದೇಶ ಕಳುಹಿಸಲು ಮೀಸಲು. ಉಳಿದ 254 ವಿಳಾಸಗಳು ಸಣ್ಣ ಸಂಸ್ಥೆಗೆ ಧಾರಾಳವಾಗಿ ಸಾಕು.

ತನ್ನ ಜಾಲದ ಹೊರಗಿನ ವಿಳಾಸಕ್ಕೆ ಹೋಗಬೇಕಾದುದನ್ನು ಯಂತ್ರವು ಗೇಟ್‌ವೇಗೆ, ಅಂದರೆ ರೌಟರಿಗೆ, ಒಪ್ಪಿಸುತ್ತದೆ. ಮಾಸ್ಕ್ ಅಥವಾ ಗೇಟ್‌ವೇ ತಪ್ಪಾಗಿ ನಮೂದಾದರೆ ಪಕ್ಕದ ಯಂತ್ರ ಸಿಕ್ಕಿಯೂ ಹೊರಜಗತ್ತು ಸಿಗದಿರಬಹುದು.

ಒಳ ವಿಳಾಸ, ಹೊರ ವಿಳಾಸ

ನಾಲ್ಕನೆಯ ಆವೃತ್ತಿಯಲ್ಲಿರುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರ. ಜಾಗತಿಕ ಸಂಗ್ರಹದಲ್ಲಿದ್ದ ಕೊನೆಯ ಭಾಗಗಳನ್ನು 2011ರ ಫೆಬ್ರವರಿ 3ರಂದು ಹಂಚಲಾಯಿತು. ಸಂಸ್ಥೆಗಳ ಆಂತರಿಕ ಬಳಕೆಗೆಂದೇ ಮೂರು ಶ್ರೇಣಿಗಳನ್ನು ಮೀಸಲಿಡಲಾಗಿದೆ: 10ರಿಂದ ಆರಂಭವಾಗುವವು, 172.16ರಿಂದ 172.31ರವರೆಗಿನವು ಮತ್ತು 192.168ರಿಂದ ಆರಂಭವಾಗುವವು. ಇವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು. ರೌಟರು ಒಳಗಿನ ಹಲವು ಯಂತ್ರಗಳ ಪರವಾಗಿ ಒಂದೇ ಹೊರ ವಿಳಾಸದಿಂದ ವ್ಯವಹರಿಸುತ್ತದೆ.

ಅನೇಕ ಸೇವಾದಾರರು ಒಂದೇ ಹೊರ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತಾರೆ. ಅಂತಹ ಸಂಪರ್ಕದಲ್ಲಿ ಹೊರಗಿನಿಂದ ನೇರವಾಗಿ ನಿಮ್ಮ ಜಾಲವನ್ನು ತಲುಪಲಾಗದು. ಶಾಖೆಯಿಂದ ಮುಖ್ಯ ಗಣಕಯಂತ್ರವನ್ನು ತಲುಪುವ ಅಗತ್ಯವಿದ್ದರೆ, ಸ್ಥಿರ ಐಪಿ ದೊರೆಯುವುದೇ, ಅದರ ಶುಲ್ಕವೆಷ್ಟು ಎಂದು ಸಂಪರ್ಕ ಪಡೆಯುವ ಮೊದಲೇ ವಿಚಾರಿಸಬೇಕು. ಆರನೆಯ ಆವೃತ್ತಿಯಲ್ಲಿ ವಿಳಾಸದ ಕೊರತೆಯಿಲ್ಲ. ಹೊಸ ರೌಟರು ಕೊಳ್ಳುವಾಗ ಅದು ಆ ಆವೃತ್ತಿಗೂ ಹೊಂದುವುದೇ ಎಂದು ಖಚಿತಪಡಿಸಿಕೊಳ್ಳುವುದು ಒಳಿತು.

ಒಂದು ಮಾದರಿ ಯೋಜನೆ

ಮೇಲೆ ಹೇಳಿದ ಘಟಕದ ಗೆಂಡೆಹಳ್ಳಿ ಜಾಲಕ್ಕೆ 192.168.21, ಬೇಲೂರು ಮಳಿಗೆಗೆ 192.168.22 ಎಂದು ನಿಗದಿಪಡಿಸಬಹುದು. ಎರಡೂ ಕಡೆ ರೌಟರಿನೊಂದಿಗೆ ಬಂದ 192.168.1 ಅನ್ನೇ ಉಳಿಸಿಕೊಂಡರೆ, ಮುಂದೆ ವಿಪಿಎನ್ ಮೂಲಕ ಇವನ್ನು ಜೋಡಿಸುವಾಗ ತೊಡಕಾಗುತ್ತದೆ. ಬೇಲೂರಿನ ಯಂತ್ರವನ್ನು ಹುಡುಕಬೇಕಾದ ಗಣಕಯಂತ್ರ ತನ್ನ ಆವರಣದೊಳಗೇ ಹುಡುಕುತ್ತದೆ.

ಪ್ರತಿ ಜಾಲದೊಳಗೆ ಕೊನೆಯ ಸಂಖ್ಯೆಯನ್ನು ಹೀಗೆ ಹಂಚಬಹುದು:

1: ರೌಟರು.
2ರಿಂದ 19: ಮುಖ್ಯ ಗಣಕಯಂತ್ರ, ಸ್ವಿಚ್ ಮುಂತಾದ ಉಪಕರಣಗಳು.
20ರಿಂದ 49: ಮುದ್ರಣಯಂತ್ರಗಳು.
50ರಿಂದ 79: ಕ್ಯಾಮೆರಾಗಳು ಮತ್ತು ಅವುಗಳ ದಾಖಲೆ ಪೆಟ್ಟಿಗೆ.
100ರಿಂದ 199: ಸಿಬ್ಬಂದಿಯ ಗಣಕಯಂತ್ರ ಮತ್ತು ದೂರವಾಣಿಗಳು.

ಕೊನೆಯ ಗುಂಪಿಗೆ ರೌಟರಿನಲ್ಲಿರುವ ಡಿಎಚ್‌ಸಿಪಿ ವ್ಯವಸ್ಥೆಯೇ ವಿಳಾಸ ಕೊಡಲಿ. ಉಳಿದವಕ್ಕೆ ವಿಳಾಸ ಸ್ಥಿರವಾಗಿರಲಿ, ಮತ್ತು ಅವು ಡಿಎಚ್‌ಸಿಪಿ ಹಂಚುವ ಶ್ರೇಣಿಯ ಹೊರಗಿರಲಿ. ಒಂದು ಜಾಲದಲ್ಲಿ ವಿಳಾಸ ಹಂಚುವ ಸಾಧನ ಒಂದೇ ಇರಬೇಕು. ವೈಫೈ ವಿಸ್ತರಿಸಲೆಂದು ತಂದ ಎರಡನೆಯ ರೌಟರು ತಾನೂ ಹಂಚಲಾರಂಭಿಸಿದರೆ ಗೊಂದಲ ಖಂಡಿತ. ಗ್ರಾಹಕರಿಗೆ ವೈಫೈ ಕೊಡುವುದಾದರೆ ಅದನ್ನು ಲೆಕ್ಕಪತ್ರದ ಜಾಲದಿಂದ ಪ್ರತ್ಯೇಕಿಸಬೇಕು.

ದೋಷ ಕಂಡುಬಂದಾಗ

ಮೊದಲು ಯಂತ್ರದ ಐಪಿ ವಿಳಾಸವನ್ನು ನೋಡಿ. ಅದು 169.254ರಿಂದ ಆರಂಭವಾಗಿದ್ದರೆ ಡಿಎಚ್‌ಸಿಪಿಯಿಂದ ವಿಳಾಸ ದೊರೆತಿಲ್ಲವೆಂದು ಅರ್ಥ. ತಂತಿಯನ್ನೂ ರೌಟರನ್ನೂ ಪರೀಕ್ಷಿಸಬೇಕು. ಎರಡನೆಯದಾಗಿ, ಪಿಂಗ್ ಆದೇಶದಿಂದ ಗೇಟ್‌ವೇ ಉತ್ತರಿಸುವುದೇ ನೋಡಿ. ಉತ್ತರವಿಲ್ಲದಿದ್ದರೆ ದೋಷವನ್ನು ಮೊದಲು ನಿಮ್ಮ ಆವರಣದೊಳಗೆ ಹುಡುಕಿ. ಉತ್ತರಿಸಿಯೂ ಹೊರಗಿನ ಐಪಿ ವಿಳಾಸ ಸಿಗದಿದ್ದರೆ ಸೇವಾದಾರರನ್ನು ವಿಚಾರಿಸಿ. ಹೊರಗಿನ ವಿಳಾಸ ಸಿಕ್ಕಿಯೂ ಜಾಲತಾಣ ಹೆಸರಿನಿಂದ ತೆರೆಯದಿದ್ದರೆ ಡಿಎನ್ಎಸ್ ಕಡೆ ಗಮನ ಹರಿಸಿ. ಇಷ್ಟನ್ನು ಪರೀಕ್ಷಿಸಿಟ್ಟುಕೊಂಡು ತಂತ್ರಜ್ಞರಿಗೆ ದೂರವಾಣಿ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ವಿಳಾಸ ವಹಿ

ದಾಸ್ತಾನು ವಹಿಯಿಲ್ಲದೆ ಗೋದಾಮು ನಡೆಸುವ ವರ್ತಕರಿಲ್ಲ. ಗಣಕಜಾಲಕ್ಕೂ ಅಂತಹುದೇ ವಹಿ ಬೇಕು. ಯಂತ್ರದ ಹೆಸರು, ಅದಿರುವ ಸ್ಥಳ, ಐಪಿ ವಿಳಾಸ, ತಯಾರಕರು ನೀಡಿದ ಮ್ಯಾಕ್ ವಿಳಾಸ, ಅಳವಡಿಸಿದ ದಿನಾಂಕ, ಅಳವಡಿಸಿದವರು: ಈ ಆರು ಅಂಕಣಗಳು ಸಾಕು. ರೌಟರಿನ ಗುಪ್ತಪದವನ್ನು ಇದರಲ್ಲಿ ಬರೆಯದೆ ಮಾಲೀಕರ ಬಳಿ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು. ಪೆಟ್ಟಿಗೆಯೊಂದಿಗೆ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಾಯಿಸಬೇಕು.

ಈ ವಹಿ ಭದ್ರತೆಗೂ ಬೇಕು. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಅದರ ವ್ಯಾಪ್ತಿಗೆ ಬರುವ ಕಂಪನಿ ಮುಂತಾದ ಸಂಸ್ಥೆಗಳು ಅಲ್ಲಿ ಪಟ್ಟಿ ಮಾಡಿದ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಯಾವ ವಿಳಾಸ ಯಾವ ಯಂತ್ರದ್ದೆಂದೇ ತಿಳಿಯದಿದ್ದರೆ ಆರು ಗಂಟೆ ಅದನ್ನು ಹುಡುಕುವುದರಲ್ಲಿಯೇ ಕಳೆದುಹೋಗುತ್ತದೆ.

ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ದೊಡ್ಡ ವೆಚ್ಚವೂ ಇಲ್ಲ. ಮುಂದಿನ ವಾರದ ರಜೆಯ ದಿನ ತಂತ್ರಜ್ಞರನ್ನು ಕರೆಸಿ, ಅವರೊಂದಿಗೆ ಕುಳಿತು ನಿಮ್ಮ ಸಂಸ್ಥೆಯ ವಿಳಾಸ ವಹಿಯನ್ನು ಬರೆಸಿರಿ. ಹೊಸ ಉಪಕರಣ ಅಳವಡಿಸಲು ಬಂದವರು ಆ ವಹಿಯನ್ನು ನೋಡಿ, ಅದರಲ್ಲಿ ನಮೂದಿಸಿದ ಮೇಲೆಯೇ ತಂತಿ ಜೋಡಿಸಲಿ.