ನುಡಿಗೆ ನೀಡುವ ನೆರವೂ ದಾಸೋಹವೇ: ಕರಾವಳಿಯ ಅಕಾಡೆಮಿಗಳಿಂದ ನಾವು ಕಲಿಯಬೇಕಾದುದು

ಶ್ರೀಮಠವು ಅನ್ನದಾಸೋಹವನ್ನು ನಡೆಸುವುದೇಕೆ, ವಿದ್ಯಾರ್ಥಿನಿಲಯಗಳನ್ನು ಪೋಷಿಸುವುದೇಕೆ ಎಂದು ಯಾವ ಭಕ್ತರೂ ಕೇಳುವುದಿಲ್ಲ. ಹಸಿವು ಕಣ್ಣಿಗೆ ಕಾಣುತ್ತದೆ. ಓದಬಯಸುವ ಬಡ ಮಗುವೂ ಕಣ್ಣಿಗೆ ಕಾಣುತ್ತದೆ. ಆದರೆ ಸಾಹಿತ್ಯಕ್ಕೆ, ಕಲೆಗೆ, ನಿಘಂಟಿಗೆ, ತಾಳೆಗರಿಯ ಕಟ್ಟುಗಳಿಗೆ ಏಕೆ ಹಣವನ್ನು ವಿನಿಯೋಗಿಸಬೇಕು ಎಂಬ ಪ್ರಶ್ನೆ ಸದ್ಭಕ್ತರಿಂದ ಆಗಾಗ ಬರುತ್ತದೆ. ಕರಾವಳಿಯಲ್ಲಿ ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳು ಇನ್ನೂ ಒಂದು ಪ್ರಶ್ನೆಯನ್ನು ಸೇರಿಸುತ್ತವೆ: ನಮ್ಮ ಧರ್ಮಸಾಹಿತ್ಯವೆಲ್ಲ ಕನ್ನಡದಲ್ಲಿರುವಾಗ ತುಳು, ಕೊಂಕಣಿ, ಬ್ಯಾರಿ ಭಾಷೆಗಳ ಕೆಲಸಕ್ಕೂ ನಮಗೂ ಏನು ಸಂಬಂಧ? ಈ ಎರಡು ಪ್ರಶ್ನೆಗಳೂ ನ್ಯಾಯವಾದವು. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ನಡೆದಿರುವ ಕೆಲಸವನ್ನು ಮುಂದಿಟ್ಟುಕೊಂಡು ಅವುಗಳಿಗೆ ಉತ್ತರವನ್ನು ಹುಡುಕುವುದು ಈ ಲೇಖನದ ಉದ್ದೇಶ.

ಶರಣರ ನುಡಿನೀತಿ

ಹನ್ನೆರಡನೆಯ ಶತಮಾನದ ಬಸವಾದಿ ಶರಣರು ತಮ್ಮ ಅನುಭಾವವನ್ನು ಸಂಸ್ಕೃತದಲ್ಲಿ ಬರೆಯಬಹುದಾಗಿತ್ತು. ಅವರಲ್ಲಿ ಆ ಭಾಷೆಯನ್ನು ಬಲ್ಲವರು ಅನೇಕರಿದ್ದರು. ಆದರೆ ಅಂಬಿಗ, ಮಾದಾರ, ಮಡಿವಾಳ, ಸೂಳೆ, ಕಾಳುಕಡ್ಡಿ ಆಯುವ ಹೆಣ್ಣುಮಗಳು ಆಡುತ್ತಿದ್ದ ಮಾತೇ ಶಿವನಿಗೆ ಸಲ್ಲುವ ಮಾತು ಎಂದು ಅವರು ಬಗೆದರು. ಇದನ್ನು ಕನ್ನಡದ ಅಭಿಮಾನವೆಂದಷ್ಟೇ ತಿಳಿದರೆ ಸಾಲದು. ಜನರ ತಾಯ್ನುಡಿಗೆ ಗೌರವವಿದೆ ಎಂಬ ತತ್ತ್ವ ಅದರೊಳಗಿದೆ. ಈ ತತ್ತ್ವವು ಕಲ್ಯಾಣದಲ್ಲಿ ಕನ್ನಡಕ್ಕೆ ಸಲ್ಲುವುದಾದರೆ ಕಾಪುವಿನ ಮೀನುಗಾರ್ತಿಯ ತುಳುವಿಗೂ ಸಲ್ಲಬೇಕು. ಕಾರ್ಕಳದ ಕಾಡಂಚಿನ ಕೊರಗ ಸಮುದಾಯದ ನುಡಿಗೂ ಸಲ್ಲಬೇಕು.

ವಚನಗಳು ನಮ್ಮ ಕೈಗೆ ಬಂದ ಬಗೆಯನ್ನೂ ನೆನೆಯಬೇಕು. ಡಾ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿಗಳನ್ನು ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಈ ಕಾಯಕಕ್ಕಾಗಿ ಅವರು ತಮ್ಮ ಮನೆಯನ್ನೇ ಮಾರಿಕೊಂಡರು. ಅವರು ತಡಮಾಡಿದ್ದರೆ ಎಷ್ಟೋ ಕಟ್ಟುಗಳು ಗೆದ್ದಲಿಗೆ ಆಹಾರವಾಗುತ್ತಿದ್ದವು. ಮುಂದೆ ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿತು. ಗದಗಿನ ತೋಂಟದಾರ್ಯ ಮಠವು ಪುಸ್ತಕ ಪ್ರಕಾಶನವನ್ನೇ ದಾಸೋಹವಾಗಿ ನಡೆಸಿತು. ವ್ಯಕ್ತಿಯೊಬ್ಬರ ತ್ಯಾಗ, ಸರ್ಕಾರದ ಅನುದಾನ, ಮಠದ ಆಶ್ರಯ ಈ ಮೂರೂ ಕೂಡಿದಾಗ ಮಾತ್ರ ಒಂದು ಸಾಹಿತ್ಯ ಉಳಿಯುತ್ತದೆ. ಕರಾವಳಿಯ ಕಥೆಯೂ ಇದೇ.

ಅಕಾಡೆಮಿಗಳು ಮಾಡುವ ಕೆಲಸ

ನಮ್ಮ ರಾಜ್ಯದಲ್ಲಿ ಭಾಷೆ ಮತ್ತು ಕಲೆಗಳಿಗಾಗಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಡಿ ಪ್ರತ್ಯೇಕ ಅಕಾಡೆಮಿಗಳಿವೆ. ಕರಾವಳಿಗೆ ಸಂಬಂಧಿಸಿದಂತೆ ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿ ಹಾಗೂ ಕರ್ನಾಟಕ ಕೊಂಕಣಿ ಸಾಹಿತ್ಯ ಅಕಾಡೆಮಿಗಳು 1994ರಲ್ಲಿಯೂ ಬ್ಯಾರಿ ಸಾಹಿತ್ಯ ಅಕಾಡೆಮಿಯು 2009ರಲ್ಲಿಯೂ ಸ್ಥಾಪನೆಯಾದವು. ಮೂರೂ ಮಂಗಳೂರಿನಲ್ಲಿದ್ದು ಉಡುಪಿ ಜಿಲ್ಲೆಗೂ ಸೇವೆ ಸಲ್ಲಿಸುತ್ತವೆ. ಯಕ್ಷಗಾನಕ್ಕೆ ಬೇರೆಯೇ ಅಕಾಡೆಮಿಯಿದೆ.

ಇವುಗಳ ಕೆಲಸವನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಹಿರಿಯ ಸಾಧಕರಿಗೆ ಗೌರವ ಪ್ರಶಸ್ತಿಯನ್ನೂ ಉತ್ತಮ ಕೃತಿಗಳಿಗೆ ಬಹುಮಾನವನ್ನೂ ನೀಡುವುದು ಒಂದು. ಮಾರುಕಟ್ಟೆಯನ್ನು ನೆಚ್ಚಿ ಯಾವ ಪ್ರಕಾಶಕರೂ ಮುಟ್ಟದ ಪುಸ್ತಕಗಳನ್ನು ಪ್ರಕಟಿಸುವುದು ಎರಡು. ಕಮ್ಮಟ, ವಿಚಾರಗೋಷ್ಠಿ, ನಾಟಕಗಳಿಗೆ ನೆರವಾಗುವುದು ಮೂರು. ಶಾಲೆಗಳಲ್ಲಿ ಭಾಷೆ ನೆಲೆಯೂರುವಂತೆ ಪಠ್ಯಗಳನ್ನು ಸಿದ್ಧಪಡಿಸುವುದು ನಾಲ್ಕು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಪ್ರೌಢಶಾಲೆಗಳಲ್ಲಿ ಮಕ್ಕಳು ತುಳುವನ್ನು ತೃತೀಯ ಭಾಷೆಯಾಗಿ ಆರಿಸಿಕೊಳ್ಳುವಂತಾದುದರಲ್ಲಿ ತುಳು ಅಕಾಡೆಮಿಯ ಶ್ರಮವಿದೆ. ನಾಲ್ಕರಲ್ಲಿ ಮೊದಲನೆಯದು ಪತ್ರಿಕೆಗಳಲ್ಲಿ ಹೆಚ್ಚು ಕಾಣುತ್ತದೆ; ಹೆಚ್ಚು ಕಾಲ ಉಳಿಯುವುದು ಎರಡನೆಯದು ಮತ್ತು ನಾಲ್ಕನೆಯದು.

2011ರ ಜನಗಣತಿಯಂತೆ ದೇಶದಲ್ಲಿ ತುಳುವನ್ನು ತಾಯ್ನುಡಿಯೆಂದು ಬರೆಸಿದವರು 18,46,427 ಮಂದಿ. ಕೊಂಕಣಿಯು 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಿತು. ತುಳುವಿಗೆ ಆ ಸ್ಥಾನ ಇನ್ನೂ ದೊರೆತಿಲ್ಲ. ಅನುಸೂಚಿಯ ಹೊರಗಿರುವ ಭಾಷೆಗೆ ಕೇಂದ್ರದ ಸವಲತ್ತುಗಳು ಸುಲಭವಾಗಿ ಒದಗುವುದಿಲ್ಲ. ಅಂತಹ ಭಾಷೆಗೆ ರಾಜ್ಯದ ಅಕಾಡೆಮಿಯೇ ಆಸರೆ.

ಮಣಿಪಾಲ ಮತ್ತು ಉಡುಪಿ: ಒಂದು ನಿಘಂಟಿನ ಕಥೆ

ಸರ್ಕಾರದ ಅಕಾಡೆಮಿಗಳು ಹುಟ್ಟುವ ಮೊದಲೇ ಮಣಿಪಾಲದಲ್ಲಿ ಬೇರೊಂದು ಅಕಾಡೆಮಿಯಿತ್ತು. ಡಾ. ಟಿ. ಎಂ. ಎ. ಪೈಯವರು 1942ರಲ್ಲಿ ಸ್ಥಾಪಿಸಿದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಅದು. ಅದರ ಆಶ್ರಯದಲ್ಲಿ 1949ರಲ್ಲಿ ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ಆರಂಭವಾಯಿತು. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳ ಗ್ರಂಥಸಂಗ್ರಹವು ಈ ಕಾಲೇಜಿಗೆ ಸೇರಿತು. ಅವರ ಹೆಸರಿನ ಸಂಶೋಧನ ಕೇಂದ್ರವೂ ಇಲ್ಲಿ ಬೆಳೆಯಿತು. ವೈದ್ಯಕೀಯ ಮತ್ತು ತಾಂತ್ರಿಕ ಶಿಕ್ಷಣಕ್ಕೆ ಹೆಸರಾದ ಒಂದು ಊರು ನಾಡಿನ ನುಡಿಗೂ ಜಾಗ ಮಾಡಿಕೊಟ್ಟಿತೆಂಬುದು ಗಮನಿಸತಕ್ಕ ಸಂಗತಿ.

ಆ ಸಂಶೋಧನ ಕೇಂದ್ರದ ಬಹುದೊಡ್ಡ ಸಾಧನೆ ತುಳು ನಿಘಂಟು. ಅದಕ್ಕೆ ಮೊದಲು ತುಳುವಿಗಿದ್ದ ಮುಖ್ಯ ಕೋಶವೆಂದರೆ ಬಾಸೆಲ್ ಮಿಶನ್ನಿನ ಮ್ಯಾನರ್ ಅವರು 1886ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ್ದ ತುಳು–ಇಂಗ್ಲಿಷ್ ನಿಘಂಟು. ಕನ್ನಡಕ್ಕೆ ಕಿಟ್ಟೆಲರ ಕೋಶ ಬಂದುದು 1894ರಲ್ಲಿ. ಒಂದು ಶತಮಾನದ ಬಳಿಕ ಪ್ರೊ. ಕು. ಶಿ. ಹರಿದಾಸ ಭಟ್ಟರ ಉತ್ಸಾಹ ಮತ್ತು ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಈ ಹೊಸ ನಿಘಂಟಿನ ಕಾರ್ಯ ನಡೆಯಿತು. ಇದರ ಆರು ಸಂಪುಟಗಳು 1988ರಿಂದ 1997ರವರೆಗೆ ಹೊರಬಂದವು. ಸಂಪಾದಕ ವರ್ಗವು ಪುಸ್ತಕಗಳನ್ನು ಮಾತ್ರ ನೋಡಲಿಲ್ಲ. ಹಳ್ಳಿಗಳಿಗೆ ಹೋಗಿ ಕೃಷಿ, ಮೀನುಗಾರಿಕೆ, ಕುಲಕಸುಬು, ಆಚರಣೆ, ಪಾಡ್ದನಗಳಲ್ಲಿ ಬಳಕೆಯಾಗುವ ಪದಗಳನ್ನು ಕೇಳಿ ಬರೆದುಕೊಂಡಿತು. ಊರಿನಿಂದ ಊರಿಗೆ, ಸಮುದಾಯದಿಂದ ಸಮುದಾಯಕ್ಕೆ ಬದಲಾಗುವ ರೂಪಗಳಿಗೂ ಸ್ಥಾನ ಕೊಟ್ಟಿತು. ಉಳುಮೆಗೆ ಯಂತ್ರ ಬಂದ ಮೇಲೆ ನೇಗಿಲಿನ ಭಾಗಗಳ ಹೆಸರನ್ನು ಮೊಮ್ಮಗನಿಗೆ ಹೇಳಿಕೊಡುವವರಿರುವುದಿಲ್ಲ. ಆ ಹೆಸರುಗಳು ಇಂದು ನಿಘಂಟಿನಲ್ಲಿವೆ. ಇಂತಹ ಕೆಲಸಕ್ಕೆ ವರ್ಷಗಟ್ಟಲೆ ಸಂಬಳ, ಪ್ರಯಾಣ, ಕಾಗದ, ಮುದ್ರಣದ ವೆಚ್ಚವಿದೆ, ಲಾಭವಿಲ್ಲ. ಆದುದರಿಂದಲೇ ಇದಕ್ಕೆ ಆಶ್ರಯದಾತರು ಬೇಕು.

ಅದೇ ಕಾಲೇಜಿನ ಪರಿಸರದಲ್ಲಿ 1970ರ ದಶಕದ ಆರಂಭದಲ್ಲಿ ಡಾ. ಶಿವರಾಮ ಕಾರಂತರ ಮಾರ್ಗದರ್ಶನದಿಂದ ಯಕ್ಷಗಾನ ಕೇಂದ್ರವು ರೂಪುಗೊಂಡು ಬಡಗುತಿಟ್ಟಿನ ಕ್ರಮಬದ್ಧ ಶಿಕ್ಷಣಕ್ಕೆ ನೆಲೆಯಾಯಿತು. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗವಂತೂ ಕಲಾವಿದರ ಬದುಕಿಗೇ ನೆರವಾಗುತ್ತ ಬಂದಿದೆ. ಮಳೆಗಾಲದಲ್ಲಿ ಮೇಳಗಳು ನಿಂತಾಗ ಬರಿಗೈಯಾಗುವ ಕಲಾವಿದರಿಗೆ ಸಹಾಯ, ಮನೆಯಿಲ್ಲದವರಿಗೆ ಮನೆ, ಬಡ ವಿದ್ಯಾರ್ಥಿಗಳಿಗೆ ಓದಿನ ನೆರವು ಇವೆಲ್ಲ ಅದರ ಕಾರ್ಯದಲ್ಲಿ ಸೇರಿವೆ. ಕಲೆಯನ್ನು ಹೊಗಳಿ ಕಲಾವಿದನ ಒಲೆಯನ್ನು ಮರೆಯಬಾರದೆಂಬ ಈ ನಿಲುವು ಶರಣರ ಕಾಯಕ–ದಾಸೋಹಗಳ ತತ್ತ್ವಕ್ಕೆ ಬಹಳ ಹತ್ತಿರವಾದುದು.

ಮಣಿಪಾಲದಲ್ಲಿ ಶ್ರೀ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನೋಡದ ಭಕ್ತರು ಒಮ್ಮೆ ನೋಡಿಬರಬೇಕು. ಬಿದ್ದುಹೋಗಲಿದ್ದ ಹಳೆಯ ಮನೆಗಳನ್ನು ಬಿಡಿಬಿಡಿಯಾಗಿ ತಂದು ಮರಳಿ ನಿಲ್ಲಿಸಿರುವ ಆ ಆವರಣದಲ್ಲಿ ಒಂದು ಜಂಗಮ ಮಠವೂ ಇದೆ. ನಮ್ಮ ಪರಂಪರೆಯ ಕಟ್ಟಡವೊಂದನ್ನು ನಮ್ಮವರಲ್ಲದವರು ಉಳಿಸಿದ್ದಾರೆ. ಇದಕ್ಕೆ ನಾವು ಕೃತಜ್ಞರಾಗಿರಬೇಕು. ಇತರರ ಪರಂಪರೆಗಾಗಿ ನಾವು ಏನು ಮಾಡಿದ್ದೇವೆಂದು ಕೇಳಿಕೊಳ್ಳಲೂಬೇಕು.

ಕಾರ್ಕಳ: ಮನ್ನಣೆ ದೊರೆತವರು, ದೊರೆಯದವರು

1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳದ ಭೈರರಸರ ಆಶ್ರಯವು ಮುಂದಿನ ಶತಮಾನದಲ್ಲಿ ‘ಭರತೇಶ ವೈಭವ’ದ ಕವಿ ರತ್ನಾಕರವರ್ಣಿಗೂ ಇತ್ತು. ಅವನ ಕಾವ್ಯಕ್ಕೆ ಆನೆಯ ಮೇಲೆ ಮೆರವಣಿಗೆಯ ಗೌರವವನ್ನು ನಿರಾಕರಿಸಲಾಯಿತೆಂದೂ ಅದರಿಂದ ನೊಂದು ಅವನು ಕೆಲಕಾಲ ವೀರಶೈವನಾದನೆಂದೂ ಒಂದು ಐತಿಹ್ಯವಿದೆ. ಅವನನ್ನು ನಮ್ಮವನೆಂದು ಹೇಳಿಕೊಳ್ಳಲು ಇದನ್ನು ಇಲ್ಲಿ ಸ್ಮರಿಸುತ್ತಿಲ್ಲ. ಯೋಗ್ಯ ಮನ್ನಣೆ ಸಿಗದಿದ್ದರೆ ಕವಿಗೆ ಎಷ್ಟು ನೋವಾಗುತ್ತದೆಂಬುದನ್ನು ಜನ ನೆನಪಿಟ್ಟುಕೊಂಡ ಬಗೆಯಿದು.

ಕಾರ್ಕಳದ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನವರು, ಅಂದರೆ ನಮ್ಮ ಮುದ್ದಣ ಕವಿ, ಉಡುಪಿಯಲ್ಲಿ ಶಾಲೆಯ ಅಧ್ಯಾಪಕರಾಗಿದ್ದರು. ‘ಶ್ರೀರಾಮಾಶ್ವಮೇಧ’ವನ್ನು ಬರೆದ ಅವರು ಅದು ತಮ್ಮದೆಂದು ಹೇಳಿಕೊಳ್ಳದೆ ಹಳೆಯ ಕಾವ್ಯವೆಂಬಂತೆ ಮೈಸೂರಿಗೆ ಕಳುಹಿಸಿದರು. ಬಡತನ ಮತ್ತು ಕ್ಷಯರೋಗದಿಂದ 1901ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ತೀರಿಕೊಂಡರು. ಅವರಿಗೆ ಆಗ ಒಂದು ಅಕಾಡೆಮಿಯಾಗಲಿ ಮಠವಾಗಲಿ ಕೈಹಿಡಿದಿದ್ದರೆ ಕನ್ನಡಕ್ಕೆ ಇನ್ನೆಷ್ಟು ಕೃತಿಗಳು ದೊರೆಯುತ್ತಿದ್ದವೋ!

ಆ ಕೊರತೆಯನ್ನು ತುಂಬುವ ಪ್ರಯತ್ನ ಅದೇ ತಾಲ್ಲೂಕಿನ ಕಾಂತಾವರದಲ್ಲಿ ನಡೆದಿದೆ. ಡಾ. ನಾ. ಮೊಗಸಾಲೆಯವರು 1976ರಲ್ಲಿ ಆರಂಭಿಸಿದ ಕಾಂತಾವರ ಕನ್ನಡ ಸಂಘವು ಮುದ್ದಣನ ಹೆಸರಿನಲ್ಲಿ ಕಾವ್ಯಪ್ರಶಸ್ತಿಯನ್ನು ಕೊಡುತ್ತದೆ. ‘ನಾಡಿಗೆ ನಮಸ್ಕಾರ’ ಎಂಬ ಮಾಲೆಯಲ್ಲಿ ನಾಡಿನ ಸಾಧಕರ ಕಿರುಪರಿಚಯದ ಪುಸ್ತಕಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರಕಟಿಸಿದೆ. ನಮ್ಮ ಭಕ್ತರು ವಿಶೇಷವಾಗಿ ಅರಿಯಬೇಕಾದುದೆಂದರೆ ಅಲ್ಲಿ ಅಲ್ಲಮಪ್ರಭು ಪೀಠವೊಂದಿದ್ದು, ಅದರ ಆಶ್ರಯದಲ್ಲಿ ಅನುಭಾವ ಸಾಹಿತ್ಯದ ಉಪನ್ಯಾಸಗಳು ನಡೆದುಬಂದಿವೆ. ಲಿಂಗಾಯತರು ವಿರಳವಾಗಿರುವ ಒಂದು ಹಳ್ಳಿಯಲ್ಲಿ ಪ್ರಭುದೇವರ ಮಾತಿಗೆ ಆಸನ ಹಾಕಿದವರು ಯಾವ ಮಠದವರೂ ಅಲ್ಲ, ಊರಿನ ಕನ್ನಡಿಗರು.

ಕಾಪು: ಒಂದು ಸಂದೇಹಕ್ಕೆ ಸಮಾಧಾನ

ಕಾಪುವಿನ ದೀಪಸ್ತಂಭವನ್ನು ನೋಡಲು ಹೋದವರು ಅಲ್ಲಿನ ಪೇಟೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ತುಳು, ಕನ್ನಡ, ಕೊಂಕಣಿ, ಬ್ಯಾರಿ ಎಲ್ಲವೂ ಕಿವಿಗೆ ಬೀಳುತ್ತವೆ. ಎರಡು ವರ್ಷಗಳಿಗೊಮ್ಮೆ ನಡೆಯುವ ಪಿಲಿಕೋಲಕ್ಕೂ ಮಾರಿಪೂಜೆಗೂ ಆ ಊರು ಪ್ರಸಿದ್ಧ. ಇಲ್ಲಿಯೇ ಭಕ್ತರ ಸಂದೇಹ ಏಳುವುದು. ಇಷ್ಟಲಿಂಗವೊಂದನ್ನೇ ನಂಬಿ, ಹಲವು ದೈವಗಳ ಆರಾಧನೆಯನ್ನು ಒಪ್ಪದ ಶರಣಧರ್ಮದವರು ಭೂತಾರಾಧನೆಯ ಪಾಡ್ದನಗಳ ಸಂಗ್ರಹಕ್ಕೆ ನೆರವಾಗಬಹುದೇ?

ಆರಾಧಿಸುವುದು ಬೇರೆ, ಆಲಿಸುವುದು ಬೇರೆ ಎಂಬುದು ನಮ್ಮ ಉತ್ತರ. ನಮ್ಮ ನಿಷ್ಠೆ ಇಷ್ಟಲಿಂಗದಲ್ಲಿ ಅಚಲವಾಗಿರಲಿ. ಆದರೆ ಪಾಡ್ದನಗಳಲ್ಲಿರುವುದು ಯಾರ ಕಥೆ? ತನ್ನ ಮಾನಕ್ಕೆ ಕುಂದು ತಂದ ಗಂಡನನ್ನು ತೊರೆದು ಹೊರಟ ಸಿರಿಯ ಕಥೆ; ಬಲ್ಲಾಳನ ಅನ್ಯಾಯವನ್ನು ಎದುರಿಸಿದ ಕೋಟಿ–ಚೆನ್ನಯರ ಕಥೆ; ಕೊರಗ ತನಿಯನ ಕಥೆ. ಅರಮನೆಯ ಕಾವ್ಯಗಳು ಹೇಳದ ದುಡಿಯುವವರ ಸಂಕಟ ಅಲ್ಲಿದೆ. ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ಇಲ್ಲಿನ ವಿದ್ವಾಂಸರೊಡನೆ ಸೇರಿ ದಾಖಲಿಸಿ 1998ರಲ್ಲಿ ಪ್ರಕಟಿಸಿದಾಗ ಅದು 15,683 ಸಾಲುಗಳಷ್ಟಿತ್ತು. ಓದುಬರಹದ ಹಂಗಿಲ್ಲದೆ ಇಷ್ಟನ್ನು ನಾಲಗೆಯಲ್ಲಿ ಹೊತ್ತವರ ಮುಂದೆ ತಲೆಬಾಗುವುದು ನಮ್ಮ ಧರ್ಮಕ್ಕೆ ಹೊರಗಲ್ಲ. ಈ ಕರಾವಳಿಯನ್ನು 1763ರವರೆಗೆ ಆಳಿದ ಕೆಳದಿಯ ಅರಸರು ಶಿವಭಕ್ತರಾದ ಲಿಂಗವಂತರಾಗಿದ್ದೂ ಶೃಂಗೇರಿಯಂತಹ ಅನ್ಯ ಮಠಗಳಿಗೆ ಉಂಬಳಿ ಕೊಟ್ಟರು. ಅದರಿಂದ ಅವರ ನಿಷ್ಠೆಗೆ ಕುಂದು ಬರಲಿಲ್ಲ.

ಅಕಾಡೆಮಿಯ ಮಿತಿ, ನಮ್ಮ ಹೊಣೆ

ಅಕಾಡೆಮಿಗಳಿಗೂ ಮಿತಿಗಳಿವೆ. ಅಧ್ಯಕ್ಷರ ಮತ್ತು ಸದಸ್ಯರ ಅವಧಿ ಮುಗಿದು ಹೊಸ ನೇಮಕ ತಡವಾದಾಗ ಯೋಜನೆಗಳು ನಿಂತುಹೋಗುತ್ತವೆ. ಅನುದಾನವು ವರ್ಷಕ್ಕೊಮ್ಮೆ ಬರುತ್ತದೆ, ನಿಘಂಟಿಗೆ ಹತ್ತಾರು ವರ್ಷ ಬೇಕು. ತುಳು–ತಿಗಳಾರಿ ಲಿಪಿಯು 2024ರಲ್ಲಿ ಯೂನಿಕೋಡಿನಲ್ಲಿ ಸೇರ್ಪಡೆಯಾಗಿ ಗಣಕಯಂತ್ರದ ಬಾಗಿಲು ತೆರೆದಿದೆ; ಆದರೆ ಮನೆಯಲ್ಲಿ ಮಗುವಿನೊಡನೆ ಆಡದ ಭಾಷೆಯನ್ನು ಯಾವ ಲಿಪಿಯೂ ಯಾವ ಪ್ರಶಸ್ತಿಯೂ ಉಳಿಸಲಾರವು. ಈ ಮಾತು ನಮ್ಮ ಕನ್ನಡಕ್ಕೂ ಅನ್ವಯಿಸುತ್ತದೆ. ಮಣಿಪಾಲದಂತಹ ಊರುಗಳಲ್ಲಿ ಉದ್ಯೋಗಕ್ಕಾಗಿ ನೆಲೆಸಿರುವ ನಮ್ಮ ಸಮಾಜದ ಮನೆಗಳಲ್ಲಿ ವಚನಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಓದುವ ಮಕ್ಕಳನ್ನು ನಾವು ಕಾಣುತ್ತಿದ್ದೇವೆ. ಓದುತ್ತಿದ್ದಾರೆಂಬುದು ಸಂತೋಷ. ಆದರೆ ಕನ್ನಡ ಅಕ್ಷರ ಬಾರದ ತಲೆಮಾರಿಗೆ ಹದಿನೈದು ಸಂಪುಟಗಳ ವಚನ ಭಂಡಾರವು ಬೀಗ ಹಾಕಿದ ಕೋಣೆಯಾಗುತ್ತದೆ.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿಗಳು ಇವು. ಮನೆಯ ಅಟ್ಟದಲ್ಲಿ, ದೇವರ ಕೋಣೆಯಲ್ಲಿ ತಾಳೆಗರಿ ಅಥವಾ ಹಳೆಯ ಕೈಬರಹದ ಕಟ್ಟುಗಳಿದ್ದರೆ ಅವನ್ನು ನೀರಿಗೆ ಬಿಡಬೇಡಿರಿ, ಎಣ್ಣೆ–ಕುಂಕುಮ ಹಚ್ಚಿ ಪೂಜೆಗಷ್ಟೇ ಇಡಬೇಡಿರಿ. ಬಲ್ಲವರಿಗೆ ತೋರಿಸಿ ಛಾಯಾಪ್ರತಿ ಮಾಡಿಸಿರಿ. ಹಿರಿಯರು ಹಾಡುವ ಸೋಬಾನೆ, ಬೀಸುವ ಪದ, ತತ್ತ್ವಪದಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಹಾಡಿದವರ ಊರು ಮತ್ತು ದಿನಾಂಕವನ್ನು ಬರೆದಿಡಿರಿ. ಅಕಾಡೆಮಿಗಳ ಪುಸ್ತಕಗಳು ಅಗ್ಗದ ಬೆಲೆಗೆ ದೊರೆಯುತ್ತವೆ. ಮದುವೆ, ಗುರುಪ್ರವೇಶಗಳಲ್ಲಿ ಅವನ್ನು ಉಡುಗೊರೆಯಾಗಿ ಕೊಡಿರಿ. ಕರಾವಳಿಯಲ್ಲಿರುವವರು ನೆರೆಯವರ ತುಳುವನ್ನು ಕಲಿಯಿರಿ. ಮನೆಯೊಳಗೆ ಮಕ್ಕಳಿಗೆ ಕನ್ನಡವನ್ನು ಓದಲು, ಬರೆಯಲು ಕಲಿಸಿರಿ. ದಾನ ಮಾಡುವವರು ಸನ್ಮಾನದ ಹಾರಕ್ಕಿಂತ ಒಂದು ಪುಸ್ತಕದ ಮುದ್ರಣಕ್ಕೆ, ಒಬ್ಬ ವೃದ್ಧ ಕಲಾವಿದರ ಔಷಧಿಗೆ ಕೊಡುವುದು ಮೇಲು.

ಒಂದು ಹೊತ್ತಿನ ಅನ್ನ ಆ ಹೊತ್ತಿನ ಹಸಿವನ್ನು ತಣಿಸುತ್ತದೆ. ಹಳಕಟ್ಟಿಯವರು ಮನೆ ಮಾರಿ ಮಾಡಿದ ದಾಸೋಹವನ್ನು ನಾವು ಇಂದಿಗೂ ಪ್ರತಿದಿನ ಪ್ರಾರ್ಥನೆಯಲ್ಲಿ ಉಣ್ಣುತ್ತಿದ್ದೇವೆ. ಆ ಋಣವನ್ನು ತೀರಿಸುವ ದಾರಿ ಮುಂದಿನವರಿಗೆ ಉಣಿಸುವುದೊಂದೇ.