ತಲೆ ಬದಲಾದ ಯಂತ್ರ

ನಮ್ಮ ತೀರ್ಥರೂಪರು ಗಮಕಿಗಳು. ಸಭೆಗಳಲ್ಲಿ ಹೆಸರಾದವರಲ್ಲದಿದ್ದರೂ ಶ್ರಾವಣಮಾಸವೆಲ್ಲ ಮನೆಯ ಪಡಸಾಲೆಯಲ್ಲಿ ಕುಮಾರವ್ಯಾಸಭಾರತವನ್ನು ವಾಚಿಸುತ್ತಿದ್ದರು. 1974ರಲ್ಲಿ ನಮ್ಮ ಸೋದರಮಾವನವರು ಟೇಪು ಯಂತ್ರವೊಂದನ್ನು ತಂದು ಆ ವಾಚನವನ್ನು ಮುದ್ರಿಸಿಕೊಂಡರು. ಯಂತ್ರವು ಎಂದೋ ಕೈಬಿಟ್ಟುಹೋಯಿತು; ತೀರ್ಥರೂಪರು 1981ರಲ್ಲಿ ಸ್ವರ್ಗಸ್ಥರಾದರು; ಸುರುಳಿಯೊಂದು ಮಾತ್ರ ಪೆಟ್ಟಿಗೆಯ ತಳದಲ್ಲಿ ಉಳಿದುಕೊಂಡಿತು. ಎಂಬತ್ತೇಳು ವರ್ಷದ ನಮ್ಮ ಮಾತೃಶ್ರೀಯವರಿಗೆ ಕಿವಿ ವರ್ಷವರ್ಷಕ್ಕೂ ಮಂದವಾಗುತ್ತಿದೆ. ಅದು ಪೂರ್ತಿಯಾಗಿ ಮುಚ್ಚುವುದಕ್ಕೆ ಮುಂಚೆ ಆ ಧ್ವನಿಯನ್ನು ಒಮ್ಮೆ ಕೇಳಬೇಕೆಂದು ಅವರು ಬಯಸಿದಾಗ ಇಲ್ಲವೆನ್ನಲು ನಮ್ಮಿಂದಾಗಲಿಲ್ಲ.

ವಿಚಾರಿಸಲಾಗಿ ಪರಿಚಿತರೊಬ್ಬರಲ್ಲಿ ರೆವಾಕ್ಸ್ ಎ77 ಎಂಬ ಯಂತ್ರವು ದೊರೆಯಿತು. ಸ್ವಿಟ್ಜರ್ಲೆಂಡಿನ ವಿಲ್ಲಿ ಸ್ಟೂಡರ್ ಎಂಬವರ ಸಂಸ್ಥೆಯು 1967ರಲ್ಲಿ ಹೊರತಂದ ಮಾದರಿಯಿದು. ಅರ್ಧಶತಮಾನ ಕಳೆದರೂ ಇದರ ಚಕ್ರಗಳು ನಿಲ್ಲದೆ ತಿರುಗುವುವು. ಸುರುಳಿಯನ್ನೇರಿಸಿ ಗುಂಡಿಯನ್ನೊತ್ತಿದೆವು. ತೀರ್ಥರೂಪರ ಕಂಠವು ಕೇಳಿಸಿತು, ನಿಜ. ಆದರೆ ಅದರೊಡನೆ ಮತ್ತೊಂದು ಧ್ವನಿ, ಯಾವ ಭಾಷೆಯೂ ಅಲ್ಲದ ಒಂದು ತೊದಲು, ಸೇರಿಕೊಂಡಿದ್ದಿತು. “ನಡುವೆ ಬಾಯಿ ಹಾಕುತ್ತಿರುವವಳು ಯಾರು?” ಎಂದು ಮಾತೃಶ್ರೀಯವರು ಕೇಳಿದರು. ಘನಪಾಠದಲ್ಲಿ ಪದಗಳು ಹಿಂದುಮುಂದಾಗುವುದನ್ನು ನಾವು ಕೇಳಿದ್ದೆವು; ಅಕ್ಷರದ ಒಡಲೇ ಹಿಂದುಮುಂದಾದುದನ್ನು ಕೇಳಿರಲಿಲ್ಲ.

ಕಾರಣವು ಸರಳವಾದುದೇ. ಟೇಪಿನ ಅಗಲವು 6.35 ಮಿಲಿಮೀಟರು. ಅದರ ಮೇಲೆ ಧ್ವನಿಯನ್ನು ಎರಡು ಅಗಲವಾದ ಹಾದಿಗಳಲ್ಲಿ ಬರೆಯಬಹುದು; ಅಥವಾ ಸುಮಾರು ಒಂದೊಂದು ಮಿಲಿಮೀಟರಿನ ನಾಲ್ಕು ಕಿರಿಯ ಹಾದಿಗಳಲ್ಲಿಯೂ ಬರೆಯಬಹುದು. ಸುರುಳಿಗಳು ದುಬಾರಿಯಾಗಿದ್ದ ಕಾಲದಲ್ಲಿ ಗೃಹಸ್ಥರು ನಾಲ್ಕು ಹಾದಿಗಳನ್ನೂ ತುಂಬುತ್ತಿದ್ದರು. ಒಂದನೆಯದೂ ಮೂರನೆಯದೂ ಮುಂದಕ್ಕೆ. ಸುರುಳಿಯನ್ನು ಮಗುಚಿ ಬರೆದ ನಾಲ್ಕನೆಯದೂ ಎರಡನೆಯದೂ ಹಿಂದಕ್ಕೆ. ನಮ್ಮ ಯಂತ್ರವೋ ಎರಡು ಹಾದಿಯದು. ಅದರ ಮೇಲಿನ ಕಣ್ಣು ಒಂದನೆಯ ಹಾದಿಯನ್ನು ಓದುತ್ತ ಪಕ್ಕದಲ್ಲಿ ವಿಲೋಮವಾಗಿದ್ದ ಎರಡನೆಯದನ್ನೂ ಓದುತ್ತಿದ್ದಿತು.

ಹಾಗಾದರೆ ಯಂತ್ರಕ್ಕೆ ಬೇರೆ ತಲೆಯನ್ನು ಕೂರಿಸಬೇಕು. (ಶಿರಸ್ಸೆಂದು ಬರೆಯಲು ಲೇಖನಿಯು ಎಳೆಯಿತು; ತಿರುಪುಮೊಳೆಯಿಂದ ಬಿಗಿಯತಕ್ಕ ವಸ್ತುವಿಗೆ ತಲೆಯೆಂಬುದೇ ಸಾಕೆಂದು ಬಿಟ್ಟೆವು.) ಇಂತಹ ಯಂತ್ರದಲ್ಲಿ ಮೂರು ತಲೆಗಳಿರುವುವು: ಅಳಿಸತಕ್ಕದ್ದು, ಬರೆಯತಕ್ಕದ್ದು, ಓದತಕ್ಕದ್ದು. ಓದುವ ತಲೆಯೆಂದರೆ ತಂತಿ ಸುತ್ತಿದ ಒಂದು ಕಾಂತೀಯ ಉಂಗುರ. ಅದರ ಒಂದು ಕಡೆ ಕೆಲವೇ ಮೈಕ್ರಾನುಗಳ ಬಿರುಕು. ಉಂಗುರದ ಈ ಆಕೃತಿಯು ಜರ್ಮನಿಯ ಎಡ್ವರ್ಡ್ ಷೂಲರ್ ಎಂಬ ಎಂಜಿನಿಯರರದು. 1935ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಮ್ಯಾಗ್ನೆಟೋಫೋನ್ ಯಂತ್ರದೊಡನೆ ಲೋಕವು ಅದನ್ನು ಕಂಡಿತು. ಟೇಪಿನ ಕಾಂತತ್ವವು ಬಿರುಕಿನ ಮುಂದೆ ಹರಿದಾಗ ತಂತಿಯಲ್ಲಿ ಕ್ಷೀಣವಾದ ವಿದ್ಯುತ್ತು ಹುಟ್ಟುವುದು. ಧ್ವನಿಯ ಒಂದು ಅಲೆಯು ಟೇಪಿನ ಮೇಲೆ ಬಿರುಕಿನಷ್ಟೇ ಉದ್ದವಾದರೆ ಉತ್ತರ ದಕ್ಷಿಣಗಳು ಒಂದನ್ನೊಂದು ಕಳೆದು ಆ ಸ್ವರವೇ ಇಲ್ಲವಾಗುವುದು. ಆದುದರಿಂದ ತಲೆ ಸವೆದು ಬಿರುಕು ಅಗಲವಾದಷ್ಟೂ ಉಚ್ಚಸ್ವರಗಳು ನಷ್ಟ.

ನಾಲ್ಕು ಹಾದಿಯ ಹಳೆಯ ತಲೆಯೊಂದನ್ನು ಸಂಪಾದಿಸಿದೆವು. ಬೆಸುಗೆಯ ಕೆಲಸವನ್ನು ನೆರೆಯ ನಿವೃತ್ತ ರೇಡಿಯೋ ಮೆಕ್ಯಾನಿಕರೊಬ್ಬರು ವಹಿಸಿಕೊಂಡರು. ಹೊಸ ತಲೆಯ ತಂತಿಸುತ್ತಿನ ಗುಣವು ಬೇರೆಯಾದುದರಿಂದ ವರ್ಧಕದ ಸಮತೆಯನ್ನೂ ಮಟ್ಟವನ್ನೂ ಮತ್ತೆ ತಿದ್ದಬೇಕಾಯಿತು. ಕೆಲವರು ಹಳೆಯ ತಲೆಯನ್ನು ತೆಗೆಯದೆ, ಯಂತ್ರದ ಖಾಲಿ ಜಾಗದಲ್ಲಿ ಇನ್ನೊಂದನ್ನು ಸೇರಿಸುವರು. ಟೆಕ್ನಿಕ್ಸ್ ಆರ್‌ಎಸ್-1500 ಮೊದಲಾದ ಕೆಲವು ಯಂತ್ರಗಳಲ್ಲಿ ನಾಲ್ಕನೆಯ ತಲೆಯು ಕಾರ್ಖಾನೆಯಿಂದಲೇ ಬರುತ್ತಿದ್ದಿತು. ಮತ್ತೆ ಕೆಲವರು ಓದುವ ತಲೆಯಿಂದ ತಂತಿಯನ್ನು ನೇರವಾಗಿ ಹೊರಗೆಳೆದು, ಕವಾಟಗಳುಳ್ಳ ಬೇರೆ ವರ್ಧಕಕ್ಕೆ ಜೋಡಿಸುವರು. ಅದು ರಸಿಕರ ವಿಲಾಸ. ಮನೆಯ ಸುರುಳಿಗೆ ಬೇಕಿಲ್ಲವೆಂದು ನಮ್ಮ ಅಭಿಪ್ರಾಯ.

ಒಂದು ಅವಿವೇಕವು ನಮ್ಮಿಂದಲೇ ನಡೆಯಿತು. ಕಾಂತತ್ವ ಹಿಡಿದಿದ್ದ ಉಕ್ಕಿನ ತಿರುಪುಳಿಯನ್ನು ತಲೆಗೆ ಸೋಕಿಸಿದೆವು. ಮೆಕ್ಯಾನಿಕರು ಕೂಗಿಕೊಂಡರು. ಕಾಂತತ್ವ ಹಿಡಿದ ತಲೆಯು ಹಾಯುವ ಟೇಪಿನ ಧ್ವನಿಯನ್ನು ಸ್ವಲ್ಪಸ್ವಲ್ಪವಾಗಿ ಅಳಿಸುವುದಂತೆ. ಸುರುಳಿಯನ್ನು ಬೇರೆ ಕೋಣೆಗೆ ಕಳುಹಿಸಿ ಅವರು ನಿವಾರಕವನ್ನು ದೂರದಲ್ಲಿಯೇ ಚಾಲೂ ಮಾಡಿ, ಹತ್ತಿರ ತಂದು, ಬಹು ನಿಧಾನವಾಗಿ ಹಿಂದೆಗೆದು ದೂರದಲ್ಲಿ ಆರಿಸಿದರು. ಬರೆಯುವ ಹಾಗೂ ಅಳಿಸುವ ತಲೆಗಳ ತಂತಿಗಳನ್ನೂ ಅಂದೇ ಬಿಚ್ಚಿಸಿದೆವು. ಮೊಮ್ಮಕ್ಕಳಿರುವ ಮನೆ, ಬೆರಳೊಂದು ಕೆಂಪುಗುಂಡಿಯ ಮೇಲೆ ಬಿದ್ದರೆ ತೀರ್ಥರೂಪರು ಎರಡನೆಯ ಬಾರಿ ಹೋದಂತೆಯೇ.

ತೊದಲೇನೋ ಹೋಯಿತು, ಆದರೆ ವಾಚನವು ಕಂಬಳಿ ಹೊದ್ದಂತಿದ್ದಿತು. ಶಕಾರ, ಷಕಾರ, ಸಕಾರಗಳು ಮೂರೂ ಒಂದೇ. ಶಿಕ್ಷಾಶಾಸ್ತ್ರವನ್ನೋದಿದ ನಮಗೆ ಇದು ಸಹಿಸದಾಯಿತು. ತೀರ್ಥರೂಪರು ಆ ತಪ್ಪಿಗೆ ನಮ್ಮ ಕಿವಿ ಹಿಂಡಿದವರು! ಬಿರುಕು ಟೇಪಿಗೆ ಲಂಬವಾಗಿರಬೇಕು. ಕ್ಷಣಕ್ಕೆ 9.5 ಸೆಂಟಿಮೀಟರು ಹಾಯುವ ಟೇಪಿನಲ್ಲಿ 8000 ಕಂಪನಗಳ ಸ್ವರದ ಒಂದು ಅಲೆಯ ಉದ್ದವು ಸುಮಾರು 12 ಮೈಕ್ರಾನು. ಒಂದು ಮಿಲಿಮೀಟರಿನ ಹಾದಿಯಲ್ಲಿ ಬಿರುಕು ಒಂದು ಡಿಗ್ರಿಯ ಮುಕ್ಕಾಲು ಪಾಲಿಗೂ ಕಡಮೆ ಓರೆಯಾದರೆ ಆ ಸ್ವರವು ಪೂರ್ತಿ ಲೋಪ. ಪರೀಕ್ಷಾ ಟೇಪಿಗೆ ಹೊಂದಿಸಿದರೂ ಸರಿಹೋಗಲಿಲ್ಲ. ಏಕೆಂದರೆ ಸೋದರಮಾವನವರ ಯಂತ್ರದ ತಲೆಯೇ ಅಂದು ಓರೆಯಾಗಿದ್ದಿತು. ಬರೆದವನು ಓರೆಯಾಗಿ ಬರೆದಿದ್ದರೆ ಓದುವವನೂ ಅಷ್ಟೇ ಓರೆಯಾಗಬೇಕು. ಹಿತ್ತಾಳೆಯ ತಿರುಪುಳಿಯಿಂದ ಮೊಳೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಕಿವಿಗೊಟ್ಟು, ಮತ್ತೆ ತಿರುಗಿಸಿದೆವು. ಸಕಾರವು ಥಟ್ಟನೆ ಮೂಡಿತು. ಹಿಂದೆಯೇ ಪುಟ ತಿರುವಿದ ಸದ್ದೂ ಕೇಳಿಸಿತು.

ಮಾತೃಶ್ರೀಯವರು ಯಂತ್ರದ ಬದಿಯಲ್ಲಿಯೇ ಕುಳಿತು ಒಂದು ಸಂಧಿಯನ್ನು ಪೂರ್ತಿಯಾಗಿ ಕೇಳಿದರು, ಮಾತನಾಡಲಿಲ್ಲ. ಅನಂತರ ಸುರುಳಿಯನ್ನು ಮಗುಚಿ, ಮೊದಲು ತೊದಲಾಗಿ ಕೇಳಿದ್ದ ಹಾದಿಯನ್ನು ಕೆಳಗಿನ ಕಣ್ಣಿಗೆ ಕೊಟ್ಟೆವು. ಹೆಂಗಸೊಬ್ಬಳು ಹಸೆಯ ಹಾಡನ್ನು ಹಾಡುತ್ತಿದ್ದಳು. ಅವರು ಬಹಳ ಹೊತ್ತು ತಲೆ ಓರೆ ಮಾಡಿ ಆಲಿಸಿದರು.

“ನಾನೇ. ಶ್ರುತಿ ಸ್ವಲ್ಪ ಇಳಿದಿದೆ,” ಎಂದರು.