ಚಳಿಗೆ ಹೊರಡದ ಮೋಟಾರು ಸೈಕಲ್ಲು



ಪುಷ್ಯಮಾಸದ ಬೆಳಗಿನ ಜಾವ. ಹಾಲು ಕರೆದು ಕ್ಯಾನು ತುಂಬಿದ್ದಾಯಿತು. ಡೇರಿಯವರು ಕಾಯುವವರಲ್ಲ. ಅಂಗಳದಲ್ಲಿ ಗಾಡಿಯನ್ನು ಒದ್ದದ್ದೇ ಒದ್ದದ್ದು. ಜಪ್ಪಯ್ಯ ಅಂದರೂ ಹೊರಡದು. ನಿನ್ನೆ ಸಂತೆಯಿಂದ ಚೆನ್ನಾಗಿಯೇ ಬಂದಿತ್ತಲ್ಲ, ರಾತ್ರಿ ಕಳೆಯುವುದರೊಳಗೆ ಏನಾಯಿತು ಎನ್ನುತ್ತೀರಾ?

ಚಳಿಗೆ ತುಪ್ಪದ ಹಾಗೆ ಪೆಟ್ರೋಲು ಗಟ್ಟಿಯಾಗುವುದಿಲ್ಲ, ನಿಜ. ಆದರೆ ಆವಿಯಾಗಲು ಸೋಮಾರಿತನ ಮಾಡುತ್ತದೆ. ಆವಿಯಾಗಿ ಗಾಳಿಯೊಡನೆ ಬೆರೆಯದೆ ಅದು ಕಿಡಿ ಹಿಡಿಯದು. ಅದಕ್ಕೇ ಕಾರ್ಬುರೇಟರಿಗೆ ಚೋಕ್ ಇಟ್ಟಿರುವುದು. ಗಾಳಿಯ ಲೆಕ್ಕಕ್ಕೆ ಪೆಟ್ರೋಲು ಹೆಚ್ಚಾಗಿ ಹೋಗಲಿ ಎಂದು. ಚೋಕ್ ಹಾಕಿ, ಆಕ್ಸಿಲರೇಟರ್ ತಿರುಗಿಸದೆ ಒದೆಯಿರಿ. ಎಂಟು ಹತ್ತು ಒದೆತಕ್ಕೂ ಹೊರಡದಿದ್ದರೆ ಕಾಲಿಗೆ ಬಿಡುವು ಕೊಟ್ಟು ಪ್ಲಗ್ ಬಿಚ್ಚಿ. ರೋಗವನ್ನು ಅದೇ ಹೇಳುತ್ತದೆ.

ಪ್ಲಗ್ಗಿನ ತುದಿ ಒಣಗಿದೆಯೆ? ಹಾಗಾದರೆ ಒಳಕ್ಕೆ ಪೆಟ್ರೋಲು ಬಂದಿಲ್ಲ. ಟ್ಯಾಂಕಿನ ಕೆಳಗಿನ ನಲ್ಲಿ ತೆರೆದಿದೆಯೆ ನೋಡಿ. ನಗಬೇಡಿ, ಮುಚ್ಚಿದ ನಲ್ಲಿಗೆ ಬೆವರು ಸುರಿಸಿದವರು ಬಹಳ ಮಂದಿ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ತೂತಿದೆ. ಧೂಳು ಕಟ್ಟಿದರೂ ಪೆಟ್ರೋಲು ಇಳಿಯದು. ಆಮೇಲೆ ಕಾರ್ಬುರೇಟರಿನ ತಳದ ಸ್ಕ್ರೂ ಸಡಿಲಿಸಿ, ಇಳಿದದ್ದನ್ನು ಗಾಜಿನ ಸೀಸೆಯಲ್ಲಿ ಹಿಡಿಯಿರಿ. ತಳದಲ್ಲಿ ಬೇರೆಯಾಗಿ ನೀರು ನಿಂತರೆ ಕಳ್ಳ ಸಿಕ್ಕಂತೆ. ಈಗಿನ ಪೆಟ್ರೋಲಿಗೆ ಎಥೆನಾಲ್ ಬೆರೆಸಿರುತ್ತಾರೆ; ಅದು ನೀರನ್ನು ಹೀರುವ ಗುಣದ್ದು. ವಾರಗಟ್ಟಲೆ ನಿಂತ ಗಾಡಿಯಲ್ಲಿ ಈ ತೊಂದರೆ ಹೆಚ್ಚು.

ತುದಿ ಒದ್ದೆಯಾಗಿ ಪೆಟ್ರೋಲು ನಾರುತ್ತಿದ್ದರೆ ಕಥೆ ಬೇರೆ. ಒಂದೋ ಕಿಡಿಯಿಲ್ಲ, ಇಲ್ಲವೆ ಪೆಟ್ರೋಲು ವಿಪರೀತವಾಗಿದೆ. ಮೊದಲು ಚೋಕ್ ತೆಗೆದು, ಕೀಲಿ ಆರಿಸಿ, ಆಕ್ಸಿಲರೇಟರ್ ಪೂರಾ ತಿರುಗಿಸಿ ಹಿಡಿದು ಏಳೆಂಟು ಸಲ ಒದೆಯಿರಿ. ಹೆಚ್ಚಿನದು ಪ್ಲಗ್ಗಿನ ತೂತಿನಿಂದ ಹೊರಬೀಳುತ್ತದೆ. ಪ್ಲಗ್ಗನ್ನು ಮಸಿ ಉಜ್ಜಿ ಒಣಗಿಸಿ. ಸ್ವಲ್ಪ ಹೊತ್ತು ಬಿಟ್ಟು, ಆ ತೂತಿಗೆ ಬಟ್ಟೆ ತುರುಕಿ, ಪ್ಲಗ್ಗನ್ನು ಅದರ ಟೋಪಿಗೆ ಸಿಕ್ಕಿಸಿ, ತೂತಿನಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಕೀಲಿ ಹಾಕಿ ಒದೆಯಿರಿ. ನೀಲಿ ಕಿಡಿ ಚಟ್ಟನೆ ಹಾರಬೇಕು. ಕೆಂಪಗೆ ಮಿಣುಕಿದರೆ ಹೊಸ ಪ್ಲಗ್ ಹಾಕಿ ನೋಡಿ. ದೊಡ್ಡ ರಿಪೇರಿಗೆ ಒಪ್ಪಿಕೊಳ್ಳುವ ಮುಂಚೆ ಇದಿಷ್ಟನ್ನು ಮಾಡಿದರೆ ಹಣ ಉಳಿದೀತು. ಪ್ಲಗ್ಗನ್ನು ಕೈಯಲ್ಲಿ ಹಿಡಿದು ಪರೀಕ್ಷೆ ಬೇಡ, ಜೋರಾಗಿ ಹೊಡೆಯುತ್ತದೆ. ಬೀಡಿಯೂ ದೂರವಿರಲಿ.

ಪೆಟ್ರೋಲೂ ಇದೆ, ಕಿಡಿಯೂ ಇದೆ, ಆದರೂ ಕಿಕ್ಕರ್ ತಡೆಯಿಲ್ಲದೆ ಸಲೀಸಾಗಿ ಇಳಿಯುತ್ತದೆಂದರೆ ಒಳಗೆ ಒತ್ತಡ ನಿಲ್ಲುತ್ತಿಲ್ಲ. ವಾಲ್ವ್ ಬಿಗಿಯಾಗಿರಬಹುದು, ಪಿಸ್ಟನ್ ರಿಂಗು ಸವೆದಿರಬಹುದು. ಇದು ಮೆಕ್ಯಾನಿಕ್ಕಿನ ಕೆಲಸ.

2020ರ ಏಪ್ರಿಲಿನಿಂದೀಚೆಗೆ ಬಂದ ಗಾಡಿಗಳಲ್ಲಿ ಬಹುಪಾಲಿಗೆ ಕಾರ್ಬುರೇಟರೂ ಇಲ್ಲ, ಚೋಕೂ ಇಲ್ಲ. ಅವುಗಳಲ್ಲಿ ಕೀಲಿ ಹಾಕಿದಾಗ ಪೆಟ್ರೋಲ್ ಪಂಪಿನ ಗುಂಯ್ ಎಂಬ ಸದ್ದು ಕೇಳುತ್ತದೆಯೆ ನೋಡಿ. ಕೇಳದಿದ್ದರೆ ಮೊದಲ ಅನುಮಾನ ಬ್ಯಾಟರಿ, ಫ್ಯೂಸುಗಳ ಮೇಲೆ.

ಹುಲ್ಲು, ಚಿಂದಿ ಹೊತ್ತಿಸಿ ಎಂಜಿನ್ನಿಗೆ ಶಾಖ ಕೊಡುವ ಸಾಹಸ ಮಾತ್ರ ಬೇಡ. ಬಾಗಿಲು ಮುಚ್ಚಿದ ಕೊಟ್ಟಿಗೆಯೊಳಗೆ ಗಾಡಿ ಚಾಲೂ ಮಾಡಿಡುವುದೂ ಬೇಡ; ಆ ಹೊಗೆ ದನಕ್ಕೂ ವಿಷ, ಜನಕ್ಕೂ ವಿಷ.

ಗಾಡಿ ಹೊರಟು ಎಂಜಿನ್ ಬೆಚ್ಚಗಾದ ಕೂಡಲೆ ಚೋಕ್ ತೆಗೆಯಿರಿ. ಹಾಗೆಯೇ ಡೇರಿಗೆ ಹೋಗಿ ಬಂದಿರೋ, ಪ್ಲಗ್ಗಿಗೆ ಮಸಿ ಹಿಡಿದು ನಾಳೆ ಬೆಳಿಗ್ಗೆ ಮತ್ತೆ ಇದೇ ಪಾಡು.